ಕುತ್ತಿಗೆಯ ಗಂಟು ಕಿಕುಚಿ ಕಾಯಿಲೆಯೇ? ಪರೀಕ್ಷೆಯ ಕ್ರಮ, ಮದ್ದಿನ ಸಮಯ

“ಕುತ್ತಿಗೆಯಲ್ಲಿ ಗಂಟು ಬಂದಿದೆ, ಜ್ವರ ಬಿಡುತ್ತಿಲ್ಲ. ಒಬ್ಬರು ಟಿಬಿ ಅಂದರು, ಇನ್ನೊಬ್ಬರು ಬಯಾಪ್ಸಿ ಮಾಡಿಸಿ ಅಂದರು. ಈಗ ರಿಪೋರ್ಟಿನಲ್ಲಿ ಕಿಕುಚಿ ಅಂತ ಬಂದಿದೆ. ಇದು ಕ್ಯಾನ್ಸರೇ?” ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯಾದವರೆಗೆ ಬೇರೆ ಬೇರೆ ಊರಿನ ಓದುಗರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ: ಅಲ್ಲ. ಕಿಕುಚಿ ಕಾಯಿಲೆ ಕ್ಯಾನ್ಸರಲ್ಲ, ಟಿಬಿಯೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ.

ಆದರೆ ಆ ಹೆಸರು ರಿಪೋರ್ಟಿನಲ್ಲಿ ಬರುವ ಮೊದಲೇ ಅನೇಕರ ಹೊಟ್ಟೆಗೆ ಬೇಡದ ಮದ್ದು ಸೇರಿರುತ್ತದೆ. ಹಾಗಾಗಿ ಕಾಯಿಲೆಯ ವರ್ಣನೆಗಿಂತ, ಯಾವುದರ ನಂತರ ಯಾವುದು ಎಂಬ ಕ್ರಮವನ್ನೇ ಇಲ್ಲಿ ಹೆಚ್ಚು ಬರೆದಿದ್ದೇನೆ. ನಾನು ಡಾಕ್ಟರಲ್ಲ, ಬಯಾಪ್ಸಿ ಡಬ್ಬಿಗಳು (ಪರೀಕ್ಷೆಗೆಂದು ಮೈಯಿಂದ ತೆಗೆದ ತುಂಡು ಹಾಕಿದ ಡಬ್ಬಿಗಳು) ಬಂದು ಸೇರುವ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಮದ್ದಿನ ಪ್ರಮಾಣ ನನ್ನಿಂದ ಕೇಳಬೇಡಿ. ಡಬ್ಬಿ ಹೇಗಿರಬೇಕು, ರಿಪೋರ್ಟಿನಲ್ಲಿ ಏನನ್ನು ಹುಡುಕಬೇಕು ಅನ್ನುವುದನ್ನು ಕೇಳಿ.

ಏನಿದು ಕಿಕುಚಿ?

ನಮ್ಮ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ದುಗ್ಧರಸ ಗ್ರಂಥಿಗಳಿವೆ. ಡಾಕ್ಟರು ‘ಲಿಂಫ್ ನೋಡ್’ ಅನ್ನುವುದು ಇವನ್ನೇ. ತಲಪಾಡಿಯ ಚೆಕ್‌ಪೋಸ್ಟಿನಲ್ಲಿ ಗಾಡಿ ತಡೆದು ನೋಡುವಂತೆ, ಇವು ದೇಹದ ದ್ರವದಲ್ಲಿ ಹರಿದುಬರುವ ರೋಗಾಣುಗಳನ್ನು ತಡೆದು ನೋಡುತ್ತವೆ. ಕೆಲಸ ಹೆಚ್ಚಾದಾಗ ಊದಿಕೊಳ್ಳುತ್ತವೆ. ಸಾಮಾನ್ಯ ಶೀತ, ಹುಳುಕು ಹಲ್ಲು, ತಲೆಯ ಹುಣ್ಣು ಇದ್ದಾಗಲೂ ಊದುವುದು ಇದೇ ಕಾರಣಕ್ಕೆ.

ಕಿಕುಚಿ ಕಾಯಿಲೆಯಲ್ಲಿ ಈ ಗ್ರಂಥಿಯೊಳಗಿನ ಜೀವಕೋಶಗಳು ಅಲ್ಲಲ್ಲಿ ಗುಂಪಾಗಿ ಸಾಯುತ್ತವೆ, ಸತ್ತದ್ದನ್ನು ತಿಂದು ಚೊಕ್ಕ ಮಾಡುವ ದೊಡ್ಡ ಕೋಶಗಳು ಅಲ್ಲಿಗೆ ಬಂದು ತುಂಬಿಕೊಳ್ಳುತ್ತವೆ. 1972ರಲ್ಲಿ ಜಪಾನಿನ ಕಿಕುಚಿ ಮತ್ತು ಫುಜಿಮೊಟೊ ಎಂಬ ವೈದ್ಯರು ಬೇರೆ ಬೇರೆಯಾಗಿ ಇದನ್ನು ವಿವರಿಸಿದ್ದರಿಂದ ‘ಕಿಕುಚಿ–ಫುಜಿಮೊಟೊ’ ಎಂಬ ಜೋಡಿ ಹೆಸರೂ ಇದೆ. ಯಾಕೆ ಬರುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಯಾವುದೋ ವೈರಸ್ ಸೋಂಕಿಗೆ ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಪ್ರತಿಕ್ರಿಯಿಸುವುದು ಇರಬಹುದು ಎಂಬ ಊಹೆಯೇ ಬಲವಾಗಿದೆ. ಇದೇ ವೈರಸ್ ಎಂದು ಬೆರಳು ತೋರಿಸಲು ಆಗಿಲ್ಲ. ಏಷ್ಯಾದವರಲ್ಲಿ, ಅದರಲ್ಲೂ 40 ದಾಟದ ಹೆಂಗಸರಲ್ಲಿ ಹೆಚ್ಚು. ಗಂಡಸರಿಗೂ ಮಕ್ಕಳಿಗೂ ಬರುತ್ತದೆ.

ಮೊದಲೇ ಒಂದು ಫೈಲು ಮಾಡಿ

ಒಂದು ಪ್ಲಾಸ್ಟಿಕ್ ಫೈಲು ಸಾಕು. ಆಧಾರ್, ಆರೋಗ್ಯ ವಿಮೆಯ ಕಾರ್ಡು, ಈವರೆಗಿನ ಒ.ಪಿ. ಚೀಟಿಗಳು, ತಿಂದ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು (ಹೆಸರು ಓದುವಂತಿರಲಿ), ಎಕ್ಸ್‌ರೇ, ಜ್ವರ ಬರೆದಿಟ್ಟ ಹಾಳೆ. ನಮ್ಮ ಕಡೆಯವರಿಗೆ ಈ ಫೈಲು ಬೇರೆಯವರಿಗಿಂತ ಹೆಚ್ಚು ಬೇಕು. ಯಾಕೆಂದರೆ ನಾವು ಒಂದೇ ಕಡೆ ಹೋಗುವವರಲ್ಲ. ಮೊದಲು ಊರಿನ ಕ್ಲಿನಿಕ್ಕು, ಆಮೇಲೆ ಕಾಸರಗೋಡು ಜನರಲ್ ಆಸ್ಪತ್ರೆ ಅಥವಾ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಯಾರೋ ಹೇಳಿದರು ಅಂತ ಮಂಗಳೂರು, ಇಲ್ಲವಾದರೆ ಪರಿಯಾರಂ ಮೆಡಿಕಲ್ ಕಾಲೇಜು. ಎರಡು ರಾಜ್ಯ, ಮೂರು ಭಾಷೆ. ಒಂದು ಕಡೆಯ ಕಂಪ್ಯೂಟರಿನಲ್ಲಿರುವುದು ಇನ್ನೊಂದು ಕಡೆ ತೆರೆಯುವುದಿಲ್ಲ. ನಿಮ್ಮ ಕೈಯಲ್ಲಿರುವ ಕಾಗದವೇ ಗತಿ.

ವಿಮೆಯ ಕಾರ್ಡಿನ ಬಗ್ಗೆ ಒಂದು ಮಾತು. ಕೇರಳದ ಕಾರುಣ್ಯ ಯೋಜನೆಯ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ಯಾವುದರಲ್ಲಿ ನಡೆಯುವುದಿಲ್ಲ ಎಂದು ಹೊರಡುವ ಮೊದಲೇ ಫೋನು ಮಾಡಿ ಕೇಳಿ. “ಕಾರ್ಡು ತೆಗೆದುಕೊಳ್ಳುತ್ತೀರಾ” ಅಂತ ಮಾತ್ರ ಕೇಳಿದರೆ ಸಾಲದು. “ಬಯಾಪ್ಸಿಗೆ ಸಿಗುತ್ತದಾ, ಅಡ್ಮಿಟ್ ಆಗಬೇಕಾ” ಅಂತ ಕೇಳಿ.

ಹಂತ 1: ಗಂಟನ್ನು ನೋಡಿ, ಬರೆದಿಡಿ

ಕನ್ನಡಿಯ ಮುಂದೆ ನಿಂತು ನೋಡಿ. ಎಡಕ್ಕೋ ಬಲಕ್ಕೋ? ಕಿವಿಯ ಕೆಳಗೋ, ದವಡೆಯ ಕೆಳಗೋ, ಕುತ್ತಿಗೆಯ ಹಿಂಬದಿಗೋ, ಕೊರಳೆಲುಬಿನ (ಕಾಲರ್ ಬೋನ್) ಮೇಲಿನ ಗುಳಿಯಲ್ಲೋ? ಮುಟ್ಟಿದರೆ ನೋವಿದೆಯೇ? ಬೆರಳಿಗೆ ಜಾರುತ್ತದೆಯೇ, ಕಲ್ಲಿನ ಹಾಗೆ ಕಚ್ಚಿಕೊಂಡಿದೆಯೇ? ಒಂದೇ ಇದೆಯೇ, ಸಾಲಾಗಿ ಇವೆಯೇ?

ಕಿಕುಚಿಯ ಗಂಟು ಹೆಚ್ಚಾಗಿ ಕುತ್ತಿಗೆಯ ಒಂದೇ ಬದಿಯಲ್ಲಿ, ಹಿಂಬದಿಗೆ ಸರಿದಂತೆ ಇರುತ್ತದೆ. ಗಾತ್ರ ಸಾಮಾನ್ಯವಾಗಿ 1ರಿಂದ 2 ಸೆಂಟಿಮೀಟರ್, ಕೆಲವೊಮ್ಮೆ ದೊಡ್ಡದು. ಸ್ವಲ್ಪ ನೋವಿರಬಹುದು. ಮೂವರಲ್ಲಿ ಒಬ್ಬರಿಗೆ, ಕೆಲವು ಕಡೆಯ ಲೆಕ್ಕದಲ್ಲಿ ಇಬ್ಬರಲ್ಲಿ ಒಬ್ಬರಿಗೆ ಜ್ವರವಿರುತ್ತದೆ. ಸುಸ್ತು, ಕೀಲುನೋವು, ಮೈಮೇಲೆ ಕೆಂಪು ದದ್ದು, ರಾತ್ರಿ ಬೆವರು, ತೂಕ ಇಳಿಯುವುದು ಇವೂ ಬರಬಹುದು. ತೊಂದರೆ ಇರುವುದೇ ಇಲ್ಲಿ: ಇದೇ ಪಟ್ಟಿ ಟಿಬಿಗೂ ಹೊಂದುತ್ತದೆ, ಲಿಂಫೋಮಾ ಎಂಬ ಗ್ರಂಥಿಯ ಕ್ಯಾನ್ಸರಿಗೂ ಹೊಂದುತ್ತದೆ. ಲಕ್ಷಣ ನೋಡಿ ಮನೆಯಲ್ಲಿ ಕೂತು ಹೆಸರು ಹೇಳಲು ಯಾರಿಗೂ ಸಾಧ್ಯವಿಲ್ಲ.

ದಿನಕ್ಕೆರಡು ಸಲ ಥರ್ಮಾಮೀಟರ್ ಇಟ್ಟು ಜ್ವರ ಬರೆದಿಡಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ಗಂಟಿನ ಪಕ್ಕ ಸ್ಕೇಲು ಹಿಡಿದು ಫೋಟೋ ತೆಗೆಯಿರಿ.

ಎಚ್ಚರಿಕೆ: ಗಂಟನ್ನು ದಿನಕ್ಕೆ ಹತ್ತು ಸಲ ಒತ್ತಿ ನೋಡಬೇಡಿ, ಒತ್ತಿ ಒತ್ತಿಯೇ ನೋವು ಹೆಚ್ಚುತ್ತದೆ. ಸುಣ್ಣ-ಬೆಲ್ಲ ಕಲಸಿ ಹಚ್ಚುವುದು, ಬಿಸಿ ಕೊಟ್ಟು ತಿಕ್ಕುವುದು, ಬರೆ ಹಾಕುವುದು ಬೇಡ. ಚರ್ಮ ಸುಟ್ಟುಹೋದರೆ ಆಮೇಲೆ ಸೂಜಿ ಹಾಕುವವರಿಗೂ ಕೊಯ್ಯುವವರಿಗೂ ಕಷ್ಟ.

ಕೆಳಗಿನವು ಇದ್ದರೆ ಬರೆದಿಡುತ್ತಾ ಕೂರುವ ಹೊತ್ತಲ್ಲ, ಅಂದೇ ಹೋಗಿ: ಉಸಿರಾಟಕ್ಕೆ ಅಥವಾ ನುಂಗಲು ತೊಂದರೆ, ಜ್ವರದ ಜತೆ ವಿಪರೀತ ತಲೆನೋವು ಮತ್ತು ಕುತ್ತಿಗೆ ಬಗ್ಗಿಸಲಾಗದಿರುವುದು, ಮಂಪರು, ಕಣ್ಣು ಹಳದಿಯಾಗುವುದು, ಮೈಮೇಲೆ ರಕ್ತದ ಚುಕ್ಕೆ. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಬಂದ ಗಂಟು ನೋವಿಲ್ಲದಿದ್ದರೂ ತಡಮಾಡುವ ಗಂಟಲ್ಲ.

ಹಂತ 2: ಸಾಮಾನ್ಯ ಕಾರಣಗಳನ್ನು ಮೊದಲು ದಾಟಿ

ಕಿಕುಚಿ ಅಪರೂಪ. ಅದನ್ನು ಹುಡುಕುತ್ತಾ ಹೊರಡಬಾರದು. ಉಳಿದವು ಅಲ್ಲವೆಂದಾದ ಮೇಲೆ ಅದು ತಾನೇ ಮುಂದೆ ಬರುತ್ತದೆ. ಡಾಕ್ಟರು ಕೇಳದಿದ್ದರೂ ನೀವು ಹೇಳಬೇಕಾದವು ಇವು: ಹಲ್ಲುನೋವು ಇತ್ತೇ? ತಲೆಯಲ್ಲಿ ಹುಣ್ಣು, ಹೇನು ಇದೆಯೇ? (ಶಾಲೆಗೆ ಹೋಗುವ ಹೆಣ್ಣುಮಕ್ಕಳ ಹೆಡತಲೆಯ ಗಂಟಿಗೆ ಎಷ್ಟೋ ಸಲ ಹೇನೇ ಕಾರಣ. ಹೇಳಲು ನಾಚಿಕೆಪಟ್ಟು ಸ್ಕ್ಯಾನಿಗೆ ಹಣ ಕಟ್ಟಿದವರಿದ್ದಾರೆ.) ಬೆಕ್ಕು ಪರಚಿತ್ತೇ? ಅಪಸ್ಮಾರಕ್ಕೆ ಫೆನಿಟಾಯಿನ್ ಮಾತ್ರೆ ನಡೆಯುತ್ತಿದೆಯೇ? ಆ ಮಾತ್ರೆಯೂ ಗ್ರಂಥಿ ಊದಿಸಬಲ್ಲದು. ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ?

ಮಳೆಗಾಲವಾದರೆ ಇನ್ನೊಂದು ಗೊಂದಲ. ಜೂನ್ ಕಳೆದ ಮೇಲೆ ನಮ್ಮಲ್ಲಿ ಜ್ವರ ಅಂದರೆ ಡೆಂಗ್ಯೂ, ಇಲಿಜ್ವರ. ಕಿಕುಚಿಯಲ್ಲೂ ರಕ್ತದ ಬಿಳಿಕಣಗಳು ಇಳಿಯುವುದುಂಟು, ಡೆಂಗ್ಯೂವಿನಲ್ಲೂ ಇಳಿಯುತ್ತವೆ. ಬಿಳಿಕಣ ಕಮ್ಮಿ ಎಂದ ಕೂಡಲೇ ಡೆಂಗ್ಯೂ ಎಂದು ಮನಸ್ಸು ಗಟ್ಟಿಮಾಡಿಕೊಳ್ಳುವುದು ಸುಲಭ. ಡೆಂಗ್ಯೂ ಜ್ವರ ಸಾಮಾನ್ಯವಾಗಿ ಒಂದು ವಾರದೊಳಗೆ ಬಿಡುತ್ತದೆ, ಕಿಕುಚಿಯ ಜ್ವರ ವಾರಗಟ್ಟಲೆ ಎಳೆಯಬಹುದು. ನೀವು ಬರೆದಿಟ್ಟ ಹಾಳೆ ಕೆಲಸಕ್ಕೆ ಬರುವುದು ಇಂಥಲ್ಲೇ.

ತೋಟ, ಪೊದೆಗಳಲ್ಲಿ ಓಡಾಡುವವರು ಮೈಯನ್ನು ಒಮ್ಮೆ ಪೂರ್ತಿ ನೋಡಿಕೊಳ್ಳಿ: ಕಂಕುಳು, ಸೊಂಟ, ಎದೆಯ ಕೆಳಗಿನ ಮಡಿಕೆ, ತೊಡೆಸಂದು. ಸುಟ್ಟ ಗಾಯದಂಥ ಕಪ್ಪು ಹಕ್ಕಳೆ ಇದ್ದು ಜತೆಗೆ ಜ್ವರ, ಗಂಟು ಇದ್ದರೆ ಅದು ಸ್ಕ್ರಬ್ ಟೈಫಸ್ ಆಗಿರಬಹುದು. ಬರಿಗಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಸಣ್ಣ ಹುಳದ ಕಡಿತದಿಂದ ಬರುವ ಜ್ವರ ಅದು. ಅದಕ್ಕೆ ಸರಿಯಾದ ಮದ್ದಿದೆ, ತಡವಾದರೆ ಅಪಾಯವೂ ಇದೆ. ಡಾಕ್ಟರಿಗೆ ತೋರಿಸಲು ಸಂಕೋಚ ಬೇಡ.

ಇವು ಯಾವುದೂ ಅಲ್ಲ, ಗಂಟು 1 ಸೆಂಟಿಮೀಟರಿಗಿಂತ ದೊಡ್ಡದು, ಮೂರು ನಾಲ್ಕು ವಾರವಾದರೂ ಇಳಿದಿಲ್ಲ ಅಂತಾದರೆ ಮುಂದಿನ ಹಂತ. ಜ್ವರವೋ ತೂಕ ಇಳಿತವೋ ಜತೆಗಿದ್ದರೆ ಅಷ್ಟು ವಾರ ಕಾಯಬೇಕೆಂದಿಲ್ಲ.

ಹಂತ 3: ರಕ್ತ, ಎಕ್ಸ್‌ರೇ, ಸ್ಕ್ಯಾನ್

ಸಾಮಾನ್ಯವಾಗಿ ಬರೆಯುವವು: ರಕ್ತಕಣಗಳ ಎಣಿಕೆ, ಇಎಸ್‌ಆರ್ ಮತ್ತು ಸಿಆರ್‌ಪಿ (ದೇಹದೊಳಗೆ ಉರಿಯೂತ ಇದೆಯೇ ಎಂದು ಹೇಳುವ ಪರೀಕ್ಷೆಗಳು, ಎಲ್ಲಿ, ಯಾಕೆ ಎಂದು ಹೇಳಲಾರವು), ಲಿವರ್ ಪರೀಕ್ಷೆ, ಎಚ್‌ಐವಿ, ಎದೆಯ ಎಕ್ಸ್‌ರೇ, ಕುತ್ತಿಗೆಯ ಅಲ್ಟ್ರಾಸೌಂಡ್. ಎಚ್‌ಐವಿ ಪರೀಕ್ಷೆ ಬರೆದರೆಂದು ಮುಖ ಸಣ್ಣದು ಮಾಡಿಕೊಳ್ಳಬೇಡಿ; ಗಂಟಿನ ತಪಾಸಣೆಯಲ್ಲಿ ಅದು ಎಲ್ಲರಿಗೂ ಬರೆಯುವ ಪರೀಕ್ಷೆ.

ಎಎನ್‌ಎ ಎಂಬ ರಕ್ತಪರೀಕ್ಷೆಯ ಬಗ್ಗೆ ನೀವೇ ಕೇಳಿದರೂ ತಪ್ಪಿಲ್ಲ. ಲೂಪಸ್ ಎಂಬ ಕಾಯಿಲೆಯ ಜಾಡು ಹಿಡಿಯಲು ಅದು ಬೇಕು. ಲೂಪಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ದೇಹದ ಮೇಲೆ ತಿರುಗಿಬೀಳುವುದು. ಕಿಕುಚಿಗೂ ಅದಕ್ಕೂ ನಂಟಿದೆ, ಕೊನೆಯ ಹಂತದಲ್ಲಿ ಹೇಳುತ್ತೇನೆ.

ಮಾಂಟೂ ಪರೀಕ್ಷೆ, ಅಂದರೆ ಮುಂಗೈಗೆ ಚುಚ್ಚಿ 48ರಿಂದ 72 ಗಂಟೆಯಲ್ಲಿ ಬಾವು ಅಳೆಯುವುದು. ಇಲ್ಲಿ ಬಹಳ ಜನ ಜಾರುತ್ತಾರೆ. ನಮ್ಮ ದೇಶದಲ್ಲಿ ಆರೋಗ್ಯವಾಗಿರುವ ಎಷ್ಟೋ ಮಂದಿಗೂ ಮಾಂಟೂ ಪಾಸಿಟಿವ್ ಬರುತ್ತದೆ, ಯಾಕೆಂದರೆ ಟಿಬಿಯ ಅಣು ಎಂದೋ ಮೈಗೆ ಹೊಕ್ಕು ಸುಮ್ಮನೆ ಮಲಗಿರುತ್ತದೆ. ಮಾಂಟೂ ಪಾಸಿಟಿವ್ ಅಂದರೆ ಈ ಗಂಟು ಟಿಬಿಯದ್ದು ಎಂದು ರುಜುವಾತಾದಂತಲ್ಲ.

ಕಿಕುಚಿಗೆಂದೇ ಒಂದು ರಕ್ತಪರೀಕ್ಷೆ ಇಲ್ಲ. ಯಾವ ಸ್ಕ್ಯಾನೂ ಅದನ್ನು ಖಚಿತವಾಗಿ ತೋರಿಸುವುದಿಲ್ಲ. ಹಾಗಾಗಿ ಒಂದರ ಮೇಲೊಂದು ದುಬಾರಿ ಸ್ಕ್ಯಾನ್ ಮಾಡಿಸುತ್ತಾ ಹೋಗುವುದಕ್ಕಿಂತ ಗಂಟಿನ ತುಂಡನ್ನೇ ನೋಡುವುದು ಮೇಲು.

ಹಂತ 4: ಸೂಜಿ ಪರೀಕ್ಷೆ

ಎಫ್‌ಎನ್‌ಎಸಿ ಅಂದರೆ ತೆಳು ಸೂಜಿ ಹಾಕಿ ಗಂಟಿನೊಳಗಿನ ಕೋಶಗಳನ್ನು ಹೀರಿ ಗಾಜಿನ ಮೇಲೆ ಸವರಿ ನೋಡುವುದು. ರಕ್ತ ತೆಗೆದಷ್ಟೇ ನೋವು, ಹೊಲಿಗೆ ಇಲ್ಲ, ಬಸ್ಸು ಹತ್ತಿ ಮನೆಗೆ ಬರಬಹುದು. ಟಿಬಿ ಗಂಟನ್ನು ಇದು ಎಷ್ಟೋ ಸಲ ಹಿಡಿದುಕೊಡುತ್ತದೆ. ಅದೇ ಸೂಜಿಯಲ್ಲಿ ಬಂದದ್ದನ್ನು ಸಿಬಿನಾಟ್ ಯಂತ್ರಕ್ಕೂ ಕಳಿಸಬಹುದು. ಟಿಬಿ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಯಂತ್ರ ಅದು. ಓಡಲು ಸುಮಾರು ಎರಡು ಗಂಟೆ ಸಾಕು, ಮುಖ್ಯ ಟಿಬಿ ಮದ್ದಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೆಯೇ ಎಂದೂ ಹೇಳುತ್ತದೆ. ಸರಕಾರಿ ಟಿಬಿ ಕೇಂದ್ರಗಳ ಮೂಲಕ ಹೋದರೆ ಇದಕ್ಕೆ ಹಣವಿಲ್ಲ.

ಆದರೆ ಕಿಕುಚಿಯ ಮಟ್ಟಿಗೆ ಸೂಜಿ ಅರ್ಧ ದಾರಿಯವರೆಗೆ ಮಾತ್ರ. ಸೂಜಿಯಲ್ಲಿ ಬಿಡಿ ಕೋಶಗಳು ಬರುತ್ತವೆ. ಗ್ರಂಥಿಯೊಳಗೆ ಅವು ಯಾವ ಜಾಗದಲ್ಲಿ ಹೇಗೆ ಕೂತಿದ್ದವು ಎಂಬ ಚಿತ್ರ ಬರುವುದಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಸಲ ಉತ್ತರ ತಪ್ಪಿಹೋಗಬಹುದು.

ಎಚ್ಚರಿಕೆ: ಸೂಜಿ ಪರೀಕ್ಷೆಯ ರಿಪೋರ್ಟಿನಲ್ಲಿ ‘ರಿಯಾಕ್ಟಿವ್’ ಎಂದು ಬಂದರೆ ಅನೇಕರು ಅಲ್ಲಿಗೆ ಬಿಟ್ಟುಬಿಡುತ್ತಾರೆ. ಅದರ ಅರ್ಥ ‘ಗ್ರಂಥಿ ಯಾವುದಕ್ಕೋ ಪ್ರತಿಕ್ರಿಯಿಸುತ್ತಿದೆ’ ಎಂದಷ್ಟೇ. ಗಂಟು ಇಳಿದರೆ ಸರಿ. ಇಳಿಯದಿದ್ದರೆ ಅದು ಉತ್ತರವಲ್ಲ, ಉತ್ತರ ಸಿಕ್ಕಿಲ್ಲ ಎಂಬ ಸೂಚನೆ.

ಹಂತ 5: ಬಯಾಪ್ಸಿ, ಮತ್ತು ಎರಡು ಡಬ್ಬಿ

ಇಡೀ ಲೇಖನದಲ್ಲಿ ನೀವು ಎರಡು ಸಲ ಓದಬೇಕಾದ ಭಾಗ ಇದು.

ಇಲ್ಲಿ ಬೇಕಾದದ್ದು ‘ಎಕ್ಸಿಶನ್ ಬಯಾಪ್ಸಿ’, ಅಂದರೆ ಒಂದು ಗ್ರಂಥಿಯನ್ನು ಇಡಿಯಾಗಿ ತೆಗೆದು ಪರೀಕ್ಷಿಸುವುದು. ಕುತ್ತಿಗೆಯಲ್ಲಿ ಸಣ್ಣ ಗಾಯ, ಕೆಲವು ಹೊಲಿಗೆ. ದೊಡ್ಡವರಲ್ಲಿ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವುದೂ ಇದೆ, ಮಕ್ಕಳಿಗೆ ಹೆಚ್ಚಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. “ಗಂಟಿಗೆ ಕತ್ತಿ ತಾಗಿಸಿದರೆ ಕಾಯಿಲೆ ಮೈಯೆಲ್ಲ ಹರಡುತ್ತದೆ” ಎಂಬ ಮಾತು ನಮ್ಮಲ್ಲಿ ಬಹಳ ಓಡುತ್ತದೆ. ಆ ಮಾತಿಗೆ ಹೆದರಿ ಬಯಾಪ್ಸಿ ಮುಂದೂಡಿದವರಲ್ಲಿ ನಿಜವಾಗಿ ಲಿಂಫೋಮಾ ಇದ್ದವರಿಗೆ ನಷ್ಟವಾಗಿದೆಯೇ ಹೊರತು ಲಾಭವಾಗಿಲ್ಲ.

ಮೊದಲು ಹೇಳಬೇಕಾದದ್ದು: ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಗರ್ಭಿಣಿಯೇ, ಯಾವುದಾದರೂ ಮದ್ದು ಮೈಗೆ ಆಗುವುದಿಲ್ಲವೇ.

ಯಾರು ಮಾಡುತ್ತಾರೆ? ಇಎನ್‌ಟಿ ಅಥವಾ ಜನರಲ್ ಸರ್ಜನ್. ಕುತ್ತಿಗೆಯ ಹಿಂಬದಿಯ ಗಂಟಾದರೆ ಒಂದು ಸೂಕ್ಷ್ಮವಿದೆ. ಭುಜವನ್ನು ಮೇಲೆತ್ತುವ ಸ್ನಾಯುವಿಗೆ ಹೋಗುವ ನರ, ಸ್ಪೈನಲ್ ಆಕ್ಸೆಸರಿ ಎಂದು ಅದರ ಹೆಸರು, ಅದೇ ಜಾಗದಲ್ಲಿ ಚರ್ಮಕ್ಕೆ ಹತ್ತಿರವಾಗಿಯೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಕೈ ಎತ್ತುವುದು ಕಷ್ಟವಾಗುತ್ತದೆ. ಹಾಗಾಗಿ “ಸಣ್ಣ ಗಂಟಲ್ಲವೇ, ಇಲ್ಲೇ ತೆಗೆದುಬಿಡೋಣ” ಎನ್ನುವ ಕಡೆಗಿಂತ ಕುತ್ತಿಗೆಯ ಆಪರೇಶನ್ ದಿನಾ ಮಾಡುವವರ ಹತ್ತಿರ ಹೋಗಿ.

ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಓದಲು ಬಾರದಿದ್ದರೆ ಓದಿ ಹೇಳುವವರನ್ನು ಜತೆಗೆ ಕರೆದೊಯ್ಯಿರಿ. ನರ್ಸ್ ಅಮ್ಮನವರನ್ನು ಕೇಳಿದರೂ ತುಳುವಿನಲ್ಲಾದರೂ ವಿವರಿಸುವವರು ಒಬ್ಬರು ಸಿಕ್ಕೇ ಸಿಗುತ್ತಾರೆ. ಏನೆಂದು ತಿಳಿಯದೆ ಹೆಬ್ಬೆಟ್ಟು ಒತ್ತಬೇಡಿ.

ಈಗ ಡಬ್ಬಿಯ ವಿಷಯ. ತೆಗೆದ ಗ್ರಂಥಿಯನ್ನು ಲ್ಯಾಬಿಗೆ ಕಳಿಸುವಾಗ ಫಾರ್ಮಲಿನ್ ಎಂಬ ದ್ರವದಲ್ಲಿ ಹಾಕುತ್ತಾರೆ. ಅದು ತುಂಡು ಕೊಳೆಯದಂತೆ ಹಿಡಿದಿಡುತ್ತದೆ, ಜತೆಗೆ ಅದರಲ್ಲಿರುವ ರೋಗಾಣುಗಳನ್ನೂ ಕೊಂದುಬಿಡುತ್ತದೆ. ಪೂರ್ತಿ ಗ್ರಂಥಿ ಫಾರ್ಮಲಿನ್‌ಗೆ ಬಿದ್ದರೆ ಆಮೇಲೆ ಟಿಬಿ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಲಾಗುವುದೇ ಇಲ್ಲ. ಆದ್ದರಿಂದ ಗ್ರಂಥಿಯನ್ನು ಎರಡು ಭಾಗ ಮಾಡಿ ಒಂದನ್ನು ಫಾರ್ಮಲಿನ್‌ನಲ್ಲಿ ರಚನೆ ನೋಡಲು, ಇನ್ನೊಂದನ್ನು ಬರೀ ಸಲೈನ್‌ನಲ್ಲಿ ಸಿಬಿನಾಟ್ ಮತ್ತು ಕಲ್ಚರಿಗೆ ಕಳಿಸಬೇಕು. ಸರ್ಜನ್ ಮರೆಯುವುದು ಕಡಿಮೆ, ಆದರೆ ತರಾತುರಿಯ ದಿನ ಮರೆತದ್ದೂ ಉಂಟು. ಥಿಯೇಟರಿಗೆ ಹೋಗುವ ಮೊದಲು “ಡಾಕ್ಟ್ರೇ, ಸಲೈನ್‌ನಲ್ಲೂ ಒಂದು ತುಂಡು ಕಳಿಸುತ್ತೀರಲ್ವಾ?” ಎಂದು ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಡಬ್ಬಿ ಹೊತ್ತುಕೊಂಡು ಹೊರಗಿನ ಲ್ಯಾಬಿಗೆ ನೀವೇ ಹೋಗಬೇಕಾದರೆ: ಹೆಸರು, ವಯಸ್ಸು, ಗಂಟಿನ ಬದಿ, ತಾರೀಕು, ಯಾವುದರಲ್ಲಿ ಯಾವ ದ್ರವ ಎಂಬುದು ಡಬ್ಬಿಯ ಮೈಮೇಲೆಯೇ ಬರೆದಿರಬೇಕು, ಮುಚ್ಚಳದ ಮೇಲಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ. ಸಲೈನ್ ಡಬ್ಬಿಯನ್ನು ಅಂದೇ ತಲುಪಿಸಿ. ಸಂಜೆಯ ರೈಲಿಗೆ ಮಂಗಳೂರು ಮುಟ್ಟಿ, ಲ್ಯಾಬು ಬಾಗಿಲು ಹಾಕಿದೆ ಎಂದು ಮರುದಿನ ಕೊಟ್ಟರೆ ಕಲ್ಚರಿನ ಬೆಲೆ ಕುಸಿಯುತ್ತದೆ. ಫಾರ್ಮಲಿನ್ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಬೇಡಿ, ಮಕ್ಕಳ ಕೈಗೆ ಸಿಗುವಂತೆಯೂ ಇಡಬೇಡಿ, ಅದು ವಿಷ.

ಮದ್ದಿನ ಎಚ್ಚರಿಕೆ, ಬಯಾಪ್ಸಿಗೆ ಮೊದಲು: ಉರಿಯೂತ ಅದುಮುವ ಸ್ಟಿರಾಯ್ಡ್ ಮಾತ್ರೆ ತಿನ್ನಬೇಡಿ. ಮೆಡಿಕಲ್ ಶಾಪಿನಲ್ಲಿ “ಊತಕ್ಕೆ” ಎಂದು ಕೇಳಿ ತಂದ ಪುಟ್ಟ ಬಿಳಿ ಮಾತ್ರೆ ಇದೇ ಇರಬಹುದು. ಇದು ಲಿಂಫೋಮಾದ ಗಂಟನ್ನೂ ತಾತ್ಕಾಲಿಕವಾಗಿ ಕುಗ್ಗಿಸುತ್ತದೆ, ಆಗ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಡಗಿ ಕೂರುತ್ತದೆ. ಟಿಬಿ ಇದ್ದರೆ ಅದನ್ನು ಕೆರಳಿಸುತ್ತದೆ. ಲೆವೊಫ್ಲಾಕ್ಸಾಸಿನ್ ಗುಂಪಿನ ಆಂಟಿಬಯಾಟಿಕ್ಕೂ ಬೇಡ. ಟಿಬಿಯನ್ನು ಅರೆಬರೆ ಅದುಮಿ ಪರೀಕ್ಷೆಯಲ್ಲಿ ಸಿಗದಂತೆ ಮಾಡುತ್ತದೆ. ಈಗಾಗಲೇ ತಿಂದಿದ್ದರೆ ಮುಚ್ಚಿಡದೆ ಹೇಳಿ.

ಹಂತ 6: ರಿಪೋರ್ಟನ್ನು ಹೀಗೆ ಓದಿ

ರಿಪೋರ್ಟ್ ಬರಲು ಒಂದು ವಾರ, ಹೆಚ್ಚುವರಿ ಬಣ್ಣ ಹಾಕಿ ನೋಡಬೇಕಾದರೆ ಇನ್ನಷ್ಟು ದಿನ. ಕಲ್ಚರಿಗೆ ಆರು ವಾರದವರೆಗೆ. ರಿಪೋರ್ಟು ಇಂಗ್ಲಿಷಿನಲ್ಲಿರುತ್ತದೆ, ಈ ಪದಗಳನ್ನು ಹುಡುಕಿ.

‘ನೆಕ್ರೊಟೈಸಿಂಗ್ ಲಿಂಫಾಡಿನೈಟಿಸ್’: ಕೋಶಗಳು ಸತ್ತಿರುವ ಗ್ರಂಥಿಯ ಉರಿಯೂತ. ‘ಹಿಸ್ಟಿಯೊಸೈಟ್’: ಸತ್ತದ್ದನ್ನು ತಿನ್ನುವ ದೊಡ್ಡ ಕೋಶ. ‘ಕ್ಯಾರಿಯೊರೆಕ್ಸಿಸ್’: ಕೋಶಕೇಂದ್ರಗಳು ಪುಡಿಪುಡಿಯಾಗಿರುವುದು. ‘ನ್ಯೂಟ್ರೊಫಿಲ್ ಇಲ್ಲ’: ಕೀವು ಮಾಡುವ ಬಿಳಿಕಣ ಅಲ್ಲಿ ಕಾಣುತ್ತಿಲ್ಲ. ಈ ನಾಲ್ಕೂ ಒಟ್ಟಿಗಿದ್ದರೆ ಕಿಕುಚಿಯ ಕಡೆಗೆ ಒಲವು. ‘ಗ್ರಾನುಲೋಮಾ’ (ರಕ್ಷಣಾ ಕೋಶಗಳು ಗುಂಪುಗಟ್ಟಿದ ಸಣ್ಣ ಉಂಡೆ) ಮತ್ತು ಗಿಣ್ಣಿನಂತೆ ಆಗಿ ಸತ್ತ ಭಾಗ ಎಂಬರ್ಥದ ‘ಕೇಸಿಯಸ್ ನೆಕ್ರೋಸಿಸ್’ ಎಂದಿದ್ದರೆ ಟಿಬಿಯ ಕಡೆಗೆ. ‘ಎಎಫ್‌ಬಿ ನೆಗೆಟಿವ್’ ಎಂದರೆ ಬಣ್ಣ ಹಾಕಿ ನೋಡಿದಾಗ ಟಿಬಿ ಅಣು ಕಂಡಿಲ್ಲ. ಇಲ್ಲವೇ ಇಲ್ಲ ಎಂದಲ್ಲ. ಅದಕ್ಕೇ ಸಲೈನ್ ಡಬ್ಬಿ.

ಕಾಯಿಲೆಯ ಆರಂಭದ ಘಟ್ಟದಲ್ಲಿ ಗ್ರಂಥಿ ತೆಗೆದರೆ ಕೋಶಗಳು ಬಲವಾಗಿ ಬೆಳೆಯುತ್ತಿರುವಂತೆ ಕಾಣುತ್ತವೆ, ಲಿಂಫೋಮಾ ಎಂದು ತಪ್ಪು ತಿಳಿಯುವ ಅಪಾಯ ಆಗ ಇದೆ. ಲೂಪಸ್‌ನ ಗ್ರಂಥಿಯಂತೂ ಇದಕ್ಕೆ ಅಣ್ಣತಮ್ಮನಷ್ಟು ಹತ್ತಿರ. ಹಾಗಾಗಿ ‘ಲಿಂಫೋಮಾ ಶಂಕೆ’ ಅಥವಾ ‘ಕ್ಲಿನಿಕಲ್ (ರೋಗಿಯ ಲಕ್ಷಣಗಳ) ಜತೆ ಹೊಂದಿಸಿ ನೋಡಿ’ ಎಂದು ಬಂದರೆ ಎರಡನೆಯ ಅಭಿಪ್ರಾಯ ಕೇಳುವುದು ಅಪನಂಬಿಕೆಯಲ್ಲ. ಅದಕ್ಕೆ ಮತ್ತೆ ಕೊಯ್ಯಿಸಬೇಕಿಲ್ಲ. ನಿಮ್ಮ ಗ್ರಂಥಿಯನ್ನು ಮೇಣದಲ್ಲಿ ಹುದುಗಿಸಿದ ‘ಬ್ಲಾಕ್’ ಲ್ಯಾಬಿನಲ್ಲೇ ಇರುತ್ತದೆ. ಅರ್ಜಿ ಬರೆದು ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಪಡೆದು ಬೇರೆ ಕಡೆ ತೋರಿಸಬಹುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ಇಡಬೇಡಿ; ಮೇಣ ಕರಗುತ್ತದೆ.

ಹಂತ 7: ಮದ್ದು

ಕಿಕುಚಿ ಎಂದು ಖಚಿತವಾದರೆ ಮದ್ದಿನ ಪಟ್ಟಿ ನಿರಾಶೆಯಾಗುವಷ್ಟು ಚಿಕ್ಕದು. ಜ್ವರಕ್ಕೆ ಪಾರಾಸಿಟಮಾಲ್, ನೋವಿಗೆ ಐಬುಪ್ರೊಫೆನ್ ಜಾತಿಯದು, ವಿಶ್ರಾಂತಿ. (ಡೆಂಗ್ಯೂ ಅಲ್ಲವೆಂದು ತಿಳಿಯುವ ಮೊದಲು ಐಬುಪ್ರೊಫೆನ್ ಬೇಡ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೂ ಬೇಡ.) ಒಂದರಿಂದ ನಾಲ್ಕು ತಿಂಗಳಲ್ಲಿ ಹೆಚ್ಚಿನವರಿಗೆ ಇಳಿಯುತ್ತದೆ, ಕೆಲವರಿಗೆ ಆರು ತಿಂಗಳು. ಜ್ವರ ತೀರಾ ಕಾಡಿದರೆ, ನರಕ್ಕೋ ಬೇರೆ ಅಂಗಕ್ಕೋ ತಾಗಿದರೆ ಡಾಕ್ಟರು ಸ್ಟಿರಾಯ್ಡ್ ಅಥವಾ ಹೈಡ್ರಾಕ್ಸಿಕ್ಲೊರೊಕ್ವಿನ್ ಕೊಡುತ್ತಾರೆ. ಬಯಾಪ್ಸಿಗೆ ಮೊದಲು ಬೇಡವೆಂದ ಸ್ಟಿರಾಯ್ಡ್ ಈಗ ಡಾಕ್ಟರ ಕೈಯಿಂದ ಬಂದರೆ ಹೆದರಬೇಕಿಲ್ಲ. ಥಟ್ಟನೆ ನಿಲ್ಲಿಸಬೇಡಿ, ಹೇಳಿದ ಕ್ರಮದಲ್ಲಿ ಇಳಿಸಿ.

ತಾನಾಗಿ ಇಳಿಯುವ ಕಾಯಿಲೆಯ ದೊಡ್ಡ ಮೋಸ ಏನೆಂದರೆ, ಆ ಹೊತ್ತಿಗೆ ಏನು ತಿನ್ನುತ್ತಿದ್ದೀರೋ ಅದಕ್ಕೆ ಹೆಸರು ಬರುತ್ತದೆ. ಪರೀಕ್ಷೆ ಇಲ್ಲದೆ ಅಂದಾಜಿನಲ್ಲಿ ಆರು ತಿಂಗಳ ಟಿಬಿ ಮದ್ದು ಶುರುಮಾಡಿದರೆ ಎರಡು ತಿಂಗಳಲ್ಲಿ ಗಂಟು ಇಳಿಯುತ್ತದೆ, “ನೋಡಿ, ಟಿಬಿಯೇ ಆಗಿತ್ತು” ಎನ್ನುತ್ತಾರೆ. ಉಳಿದ ನಾಲ್ಕು ತಿಂಗಳೂ ಲಿವರಿಗೆ ಭಾರವಾದ ಮಾತ್ರೆಗಳನ್ನು ಸುಮ್ಮನೆ ನುಂಗಬೇಕು. ನಾಟಿ ಮದ್ದಿನವರಿಗೂ ಇದೇ ಲೆಕ್ಕದಲ್ಲಿ ಹೆಸರು ಬರುತ್ತದೆ.

ಇದರ ತಿರುವುಮುರುವು ಇನ್ನೂ ಅಪಾಯ. ಈ ಲೇಖನ ಓದಿ, ನಡೆಯುತ್ತಿರುವ ಟಿಬಿ ಮದ್ದನ್ನು ನೀವಾಗಿಯೇ ನಿಲ್ಲಿಸಬೇಡಿ. ನಮ್ಮ ದೇಶದಲ್ಲಿ ಕುತ್ತಿಗೆಯ ದೀರ್ಘಕಾಲದ ಗಂಟಿಗೆ ಟಿಬಿಯೇ ದೊಡ್ಡ ಕಾರಣ, ಮತ್ತು ಟಿಬಿ ಗಂಟು ಸರಿಯಾದ ಮದ್ದು ನಡೆಯುತ್ತಿರುವಾಗಲೇ ಕೆಲವೊಮ್ಮೆ ತಾತ್ಕಾಲಿಕವಾಗಿ ದೊಡ್ಡದಾಗುತ್ತದೆ. ಸಂಶಯವಿದ್ದರೆ “ಯಾವ ಪರೀಕ್ಷೆಯ ಆಧಾರದ ಮೇಲೆ ಶುರುಮಾಡಿದ್ದು?” ಎಂದು ಡಾಕ್ಟರನ್ನು ಕೇಳಿ, ಉತ್ತರ ತೃಪ್ತಿಯಾಗದಿದ್ದರೆ ಫೈಲು ಹಿಡಿದು ಬೇರೊಬ್ಬರ ಹತ್ತಿರ ಹೋಗಿ, ಮಾತ್ರೆ ಮುಂದುವರಿಸುತ್ತಲೇ. ಟಿಬಿ ಎಂದು ಖಚಿತವಾದವರಿಗೆ ಸಿಗುವ ‘ನಿಕ್ಷಯ್’ ಗುರುತಿನ ಸಂಖ್ಯೆ ದೇಶಕ್ಕೆಲ್ಲ ಒಂದೇ. ಮಂಗಳೂರಿನಲ್ಲಿ ಶುರುವಾದ ಚಿಕಿತ್ಸೆಯನ್ನು ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು, ಮಾತ್ರೆಗೆಂದು ಪ್ರತಿಸಲ ಗಡಿ ದಾಟಬೇಕಿಲ್ಲ.

ಹಂತ 8: ಇಳಿದ ಮೇಲೂ ಫೈಲನ್ನು ಎಸೆಯಬೇಡಿ

ಮೊದಲ ಆರು ತಿಂಗಳು ಡಾಕ್ಟರು ಹೇಳಿದಾಗ ತೋರಿಸಿ. ಆಮೇಲೆ ಕೆಲವು ವರ್ಷ, ವರ್ಷಕ್ಕೊಮ್ಮೆಯಾದರೂ ಹೋಗಿಬನ್ನಿ. ಕಾರಣ ಲೂಪಸ್. ಕಿಕುಚಿ ಬಂದ ಕೆಲವರಿಗೆ ಅದರ ಜತೆಗೋ, ವರ್ಷಗಳ ನಂತರವೋ ಲೂಪಸ್ ಕಾಣಿಸಿಕೊಳ್ಳುತ್ತದೆ. ಎಲ್ಲರಿಗೂ ಅಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ. ಗಮನಿಸಬೇಕಾದವು: ಬಿಸಿಲಿಗೆ ಹೋದರೆ ಕೆನ್ನೆ-ಮೂಗಿನ ಮೇಲೆ ಕೆಂಪು ದದ್ದು, ಬೆಳಿಗ್ಗೆ ಬೆರಳ ಗಂಟುಗಳ ನೋವು ಮತ್ತು ಬಿಗಿತ, ಮತ್ತೆ ಮತ್ತೆ ಬಾಯಿಹುಣ್ಣು, ವಿಪರೀತ ಕೂದಲು ಉದುರುವುದು, ಕಾಲು ಬಾವು, ಮೂತ್ರದಲ್ಲಿ ನೊರೆ. ಇವುಗಳಲ್ಲಿ ಯಾವುದು ಕಂಡರೂ “ನನಗೆ ಹಿಂದೆ ಕಿಕುಚಿ ಆಗಿತ್ತು” ಎಂದು ಮೊದಲ ವಾಕ್ಯದಲ್ಲೇ ಹೇಳಿ, ಎಎನ್‌ಎ ಮತ್ತು ಮೂತ್ರ ಪರೀಕ್ಷೆ ಮಾಡಿಸಿ.

ದಿನನಿತ್ಯದ ಪ್ರಶ್ನೆಗಳು ಚುಟುಕಾಗಿ. ಪಥ್ಯ ಇದೆಯೇ? ಇಲ್ಲ; ಮೀನು, ಮೊಟ್ಟೆ, ಹಲಸು, ಮನೆಯಲ್ಲಿ ಆದದ್ದು ತಿನ್ನಿ. ತಟ್ಟೆ-ಲೋಟ ಬೇರೆ ಇಡಬೇಕೇ? ಬೇಡ. ಶಾಲೆ, ಕಾಲೇಜು, ಕೆಲಸ? ಜ್ವರ ಬಿಟ್ಟು ಸುಸ್ತು ಕಡಿಮೆಯಾದರೆ ಹೋಗಿ. ಮದುವೆಗೆ ಗಂಡು ನೋಡುತ್ತಿದ್ದೇವೆ, ಹೇಳಬೇಕೇ ಎಂದು ತಾಯಂದಿರು ಕೇಳುತ್ತಾರೆ. ಹೇಳುವುದು ಬಿಡುವುದು ಮಗಳ ಇಷ್ಟ, ಅವಳನ್ನೇ ಕೇಳಿ. ಅಂಟುವ ಕಾಯಿಲೆಯಂತೂ ಅಲ್ಲ. ಗರ್ಭಿಣಿಯಾದರೆ ಪ್ರಸೂತಿ ಡಾಕ್ಟರಿಗೆ ಮಾತ್ರ ತಪ್ಪದೆ ತಿಳಿಸಬೇಕು.

ಮತ್ತೆ ಬರುತ್ತದೆಯೇ? ನೂರರಲ್ಲಿ ಮೂರು ನಾಲ್ಕು ಮಂದಿಗೆ ಮರುಕಳಿಸುತ್ತದೆ ಎಂದು ಹಳೆಯ ಲೆಕ್ಕ. ಅದಕ್ಕಿಂತ ಹೆಚ್ಚು ಕಂಡ ವರದಿಗಳೂ ಇವೆ. ಮರಳಿ ಗಂಟು ಬಂದರೆ “ಹೋದ ಸಲದ್ದೇ” ಎಂದು ಮನೆಯಲ್ಲೇ ತೀರ್ಮಾನಿಸದೆ ಹಂತ 1ರಿಂದ ಶುರುಮಾಡಿ. ಮತ್ತೆ ಬಯಾಪ್ಸಿ ಬೇಕೇ ಎನ್ನುವುದನ್ನು ಡಾಕ್ಟರು ಹಳೆಯ ರಿಪೋರ್ಟು ನೋಡಿ ಹೇಳುತ್ತಾರೆ. ರಿಪೋರ್ಟಿನ ಮೇಲ್ಮೂಲೆಯಲ್ಲಿ ಬಯಾಪ್ಸಿಯ ಸಂಖ್ಯೆ ಇರುತ್ತದೆ. ಅದನ್ನು ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಕಾಗದ ಕಳೆದುಹೋದರೂ ಆ ಸಂಖ್ಯೆ ಮತ್ತು ತಾರೀಕು ಹೇಳಿದರೆ ಲ್ಯಾಬಿನವರಿಗೆ ನಿಮ್ಮ ಬ್ಲಾಕ್ ಹುಡುಕುವುದು ಸುಲಭ.